ಆಗುಂಬೆ ತಿರುವಲ್ಲಿ ಹೊಟ್ಟೆ ತೊಳಸೋದು ಯಾಕೆ?

ಈ ಎಪಿಸೋಡನ್ನ ಬಸ್ಸಲ್ಲಿ ಕೇಳ್ತಾ ಇದ್ರೆ ಮೊದಲು ಸ್ಕ್ರೀನ್ ಆಫ್ ಮಾಡಿ, ಕಿಟಕಿ ಆಚೆ ನೋಡಿ. ಯಾಕೆ ಅಂತ ಹೇಳ್ತೀನಿ.

ನಮ್ಮ ಮನೆ ಶಿವಮೊಗ್ಗದಲ್ಲಿ, ಅಜ್ಜಿ ಮನೆ ಹೆಬ್ರಿ ಹತ್ರ. ಮಧ್ಯೆ ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು. ನಾಲ್ಕನೇ ತಿರುವಿಗೇ ನನಗೆ ಬಾಯಲ್ಲಿ ನೀರೂರಿ, ತಣ್ಣನೆ ಬೆವರು ಬಂದು, ವಾಂತಿ. "ಇವನದು ಬರೀ ನಾಟಕ" ಅಂತಿದ್ರು ಮನೆಯವರು. ದೊಡ್ಡವನಾದ ಮೇಲೆ ಅಜ್ಜಿ ಕರೆದಾಗಲೆಲ್ಲ ಪರೀಕ್ಷೆ, ಆಫೀಸು ಅಂತ ನೆಪ ಹೇಳಿದೆ. ನಾಲ್ಕು ವರ್ಷ ಹೋಗಲೇ ಇಲ್ಲ.

ಅದು ನಾಟಕ ಅಲ್ಲ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದರೆ ಅವಕ್ಕೆ ಗೊತ್ತಾಗುತ್ತೆ. ಪಕ್ಕದಲ್ಲೇ ಸುಣ್ಣದ ಪುಟ್ಟ ಹರಳುಗಳಿವೆ. ಬ್ರೇಕ್ ಹಾಕಿದ್ದು, ವೇಗ ಹೆಚ್ಚಿದ್ದು ತಿಳಿಯೋದು ಅವುಗಳಿಂದ. ಬಸ್ ತಿರುಗಿದಾಗ ಕಿವಿ "ಚಲಿಸ್ತಿದೀವಿ" ಅಂತ ಎಂಟ್ರಿ ಹಾಕುತ್ತೆ. ಮೊಬೈಲ್ ನೋಡ್ತಿರೋ ಕಣ್ಣು "ಇಲ್ಲ, ಎಲ್ಲ ನಿಂತಿದೆ" ಅನ್ನುತ್ತೆ. ನಾನು ಬಿ.ಕಾಂ. ಓದಿದವನು, ಎರಡು ಪುಸ್ತಕ ಟ್ಯಾಲಿ ಆಗದಿದ್ರೆ ಎಷ್ಟು ತಲೆಬಿಸಿ ಅಂತ ಗೊತ್ತು! ಮಿದುಳಿಗೂ ಅಷ್ಟೇ.

ಇದಕ್ಕೆ ಸಾಕ್ಷಿ ಇದೆ. ಒಳಕಿವಿಯ ಈ ಭಾಗ ಎರಡೂ ಕಡೆ ಕೆಲಸ ಮಾಡದವರಿಗೆ ಪ್ರಯಾಣದ ವಾಂತಿ ಸಾಮಾನ್ಯವಾಗಿ ಬರೋದೇ ಇಲ್ಲ. ಡ್ರೈವರ್‌ಗೂ ಅಪರೂಪ, ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತಿರುತ್ತಲ್ಲ.

ಸರಿ, ಅದಕ್ಕೆ ವಾಂತಿ ಯಾಕೆ? 1977ರಲ್ಲಿ ಟ್ರೀಸ್‌ಮನ್ ಎಂಬ ವಿಜ್ಞಾನಿ ಒಂದು ಊಹೆ ಮುಂದಿಟ್ಟರು. ವಿಷ ತಿಂದಾಗಲೂ ಇಂಥದ್ದೇ ಗೊಂದಲ ಆಗುತ್ತೆ, ಹಾಗಾಗಿ ಮಿದುಳು "ತಿಂದದ್ದನ್ನ ಹೊರಗೆ ಹಾಕು" ಅನ್ನುತ್ತೆ ಅಂತ. ಇದರ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ.

ಹಾಗಾದ್ರೆ ಏನು ಮಾಡೋದು? ಮುಂದಿನ ಸೀಟು ಹಿಡೀರಿ, ದೂರದ ರಸ್ತೆ ನೋಡಿ. ಆಗದಿದ್ರೆ ಕಣ್ಣು ಮುಚ್ಚಿ ತಲೆ ಒರಗಿಸಿ. ಆಗ ಕಣ್ಣಿನ ತಪ್ಪು ಎಂಟ್ರಿ ನಿಲ್ಲುತ್ತೆ. ಹೊಟ್ಟೆ ಬಿರಿಯ ತಿಂದು ಹತ್ತಬೇಡಿ. ಮಾತ್ರೆ ತಗೊಳ್ಳೋದಾದ್ರೆ ಡಾಕ್ಟರನ್ನ ಕೇಳಿ, ಹೊರಡೋ ಮೊದಲೇ ತಗೊಳ್ಳಿ. ನಿದ್ದೆ ಬರಬಹುದು, ಗಾಡಿ ಓಡಿಸಬೇಡಿ.

ಹೋದ ತಿಂಗಳು ಮುಂದಿನ ಸೀಟಲ್ಲಿ ಕೂತು, ಫೋನ್ ಬ್ಯಾಗಿಗೆ ಹಾಕಿ ಘಾಟಿ ಇಳಿದೆ. ಹೊಟ್ಟೆ ಸ್ವಲ್ಪ ತೊಳಸಿತು, ವಾಂತಿ ಆಗಲಿಲ್ಲ. ಅಜ್ಜಿ ನನಗೆ ಅಂತ ಲಿಂಬೆಹಣ್ಣು ಹಿಡಿದು ಜಗಲಿಯಲ್ಲೇ ಕಾಯ್ತಿದ್ರು. ಅವರು ಮಾತ್ರ ಒಂದು ದಿನವೂ ಅದನ್ನ ನಾಟಕ ಅಂದಿರಲಿಲ್ಲ.

ನಿಮ್ಮ ಪಕ್ಕದ ಸೀಟಲ್ಲಿ ಯಾರಾದ್ರೂ ಮುಖ ಸಣ್ಣ ಮಾಡಿಕೊಂಡು ಕೂತಿದ್ರೆ ನಗಬೇಡಿ. ಕಿಟಕಿ ಸೀಟು ಬಿಟ್ಟುಕೊಡಿ. ಮುಂದಿನ ವಾರ ಸಿಗೋಣ.