ಸೋಲನ್ನು ಅಳೆಯುವ ವಿದ್ಯೆ

(ಮಲಪನಗುಡಿಯಲ್ಲಿ ನಡೆದ ಪಾಲಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕ್ರೀಡೆಯಿಂದ ಬದುಕಿಗೆ ದೊರೆಯುವ ಪಾಠಗಳ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ಗೆಲುವಿನ ಮಾತೇ ಕೇಳಿಬರುತ್ತದೆ. ಗುರಿ ಇಟ್ಟುಕೊಳ್ಳಿ, ಶ್ರಮಪಡಿ, ಗೆಲ್ಲಿ ಎನ್ನುತ್ತಾರೆ. ಅದು ಸುಳ್ಳೇನಲ್ಲ. ಆದರೆ ಮೈದಾನದಲ್ಲಿ ಗೆಲ್ಲುವವನು ಒಬ್ಬ, ಸೋಲುವವರು ಉಳಿದವರೆಲ್ಲರೂ. ಆಟವಾಡಿದ ಪ್ರತಿಯೊಬ್ಬನಿಗೂ ಮೈದಾನವು ಮೊದಲು ಕಲಿಸುವ ಪಾಠ ಸೋಲಿನದ್ದು; ಸೋತ ಮರುದಿನ ಬೆಳಿಗ್ಗೆ ಎದ್ದು ಏನು ಮಾಡಬೇಕೆಂಬುದರದ್ದು. ನಮ್ಮ ಮನೆಗಳಿಗೆ ಇಂದು ತುರ್ತಾಗಿ ಬೇಕಾಗಿರುವುದು ಈ ಪಾಠವೇ ಎಂದು ನಾವು ಭಾವಿಸುತ್ತೇವೆ.

ಪರೀಕ್ಷೆಯ ಫಲಿತಾಂಶ ಬರುವ ದಿನ ನಮ್ಮ ಓಣಿಗಳಲ್ಲಿ ಏನಾಗುತ್ತದೆಂಬುದನ್ನು ನೆನಪಿಸಿಕೊಳ್ಳಿ. ಉತ್ತೀರ್ಣನಾದವನ ಮನೆಯಿಂದ ಮಿಠಾಯಿ ಬರುತ್ತದೆ. ಅನುತ್ತೀರ್ಣನಾದವನ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ತಂದೆ ಮಾತು ಬಿಡುತ್ತಾರೆ. ಸಂಜೆಯ ಹೊತ್ತಿಗೆ ಮಾವನೋ ಚಿಕ್ಕಪ್ಪನೋ ಬಂದು, "ಓದು ಇವನ ಹಣೆಯಲ್ಲಿ ಬರೆದಿಲ್ಲ, ಹೊಸಪೇಟೆಯಲ್ಲಿ ಯಾವುದಾದರೂ ಗ್ಯಾರೇಜಿಗೆ ಹಚ್ಚಿಬಿಡಿ" ಎಂದು ತೀರ್ಪು ಕೊಡುತ್ತಾರೆ. ಹುಡುಗಿಯಾಗಿದ್ದರೆ ತೀರ್ಪು ಇನ್ನೂ ಬೇಗ ಬರುತ್ತದೆ. ಸಂಬಂಧ ನೋಡಲು ಆರಂಭಿಸುತ್ತಾರೆ. ಗಣಿತದಲ್ಲಿ ಆರು ಅಂಕ ಕಡಿಮೆ ಬಿತ್ತೆಂಬ ಒಂದು ಸಣ್ಣ ಸಂಗತಿಯು ಸೂರ್ಯ ಮುಳುಗುವುದರೊಳಗೆ ಒಂದು ಮಗುವಿನ ಇಡೀ ಬದುಕಿನ ಮೇಲಿನ ತೀರ್ಪಾಗಿ ಬೆಳೆದುಬಿಟ್ಟಿರುತ್ತದೆ. ಗ್ಯಾರೇಜಿನ ಕೆಲಸ ಕೀಳೆಂದು ನಾವು ಹೇಳುತ್ತಿಲ್ಲ. ಹಲಾಲಾದ ದುಡಿಮೆ ಯಾವುದೂ ಕೀಳಲ್ಲ. ಆದರೆ ಇಷ್ಟಪಟ್ಟು ಆ ಕಸುಬು ಕಲಿಯಲು ಹೋಗುವುದು ಬೇರೆ, ಶಿಕ್ಷೆಯೆಂದು ಅಲ್ಲಿಗೆ ಅಟ್ಟುವುದು ಬೇರೆ.

ಈಗ ಜಾವೆಲಿನ್ ಎಸೆತದ ನಿಯಮವನ್ನು ನೋಡೋಣ. ಅಂತಿಮ ಸುತ್ತಿಗೆ ಬಂದ ಪ್ರತಿಯೊಬ್ಬ ಸ್ಪರ್ಧಿಗೂ ಮೂರು ಎಸೆತಗಳು. ಅವುಗಳಲ್ಲಿ ಮುಂದಿರುವವರಿಗೆ ಮತ್ತೆ ಮೂರರವರೆಗೆ. ಗೆರೆ ದಾಟಿದರೆ ಅದು ಫೌಲ್. ಆ ಎಸೆತ ಲೆಕ್ಕಕ್ಕಿಲ್ಲ, ಅಷ್ಟೆ. ಹಿಂದಿನ ಎಸೆತದ ಅಳತೆಯಿಂದ ಒಂದು ಸೆಂಟಿಮೀಟರನ್ನೂ ಯಾರೂ ಕಳೆಯುವುದಿಲ್ಲ. ಆರರಲ್ಲಿ ಅತ್ಯುತ್ತಮವಾದುದೊಂದೇ ದಾಖಲೆಯಲ್ಲಿ ಉಳಿಯುತ್ತದೆ.

2024ರ ಆಗಸ್ಟ್ 8ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ನೀರಜ್ ಚೋಪ್ರಾ ಆರು ಬಾರಿ ಎಸೆದರು. ಐದು ಫೌಲ್ ಆದವು. ಸರಿಯಾಗಿದ್ದುದು ಎರಡನೆಯ ಎಸೆತ ಮಾತ್ರ, 89.45 ಮೀಟರ್. ಬೆಳ್ಳಿ ಪದಕಕ್ಕೆ ಅದೊಂದೇ ಸಾಕಾಯಿತು. ಚಿನ್ನ ಗೆದ್ದ ಪಾಕಿಸ್ತಾನದ ಅರ್ಷದ್ ನದೀಮ್ ಅವರ ಮೊದಲ ಎಸೆತವೂ ಫೌಲ್ ಆಗಿತ್ತು. ಎರಡನೆಯದು 92.97 ಮೀಟರ್, ಒಲಿಂಪಿಕ್ಸ್ ದಾಖಲೆ. ಮೊದಲ ಎಸೆತ ಹಾಳಾದಾಗಲೇ "ಇದು ನಿನ್ನ ಹಣೆಯಲ್ಲಿಲ್ಲ" ಎಂದು ಯಾರಾದರೂ ಅವರನ್ನು ಕೈಹಿಡಿದು ಹೊರಗೆ ಕರೆದೊಯ್ದಿದ್ದರೆ ಆ ದಾಖಲೆ ಎಲ್ಲಿರುತ್ತಿತ್ತು?

ನೀರಜ್ ಅವರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ, ಅದು ನಮ್ಮ ಜಿಲ್ಲೆಗಳಿಗೆ ಸಂಬಂಧಿಸಿದ್ದು. ಇಲ್ಲಿಂದ ಬಳ್ಳಾರಿಯ ದಾರಿ ಹಿಡಿದರೆ ತೋರಣಗಲ್ಲು ಸಿಗುತ್ತದೆ. ಉಕ್ಕಿನ ಕಾರ್ಖಾನೆಯನ್ನು ಎಲ್ಲರೂ ಬಲ್ಲರು, ಎಷ್ಟೋ ಮನೆಗಳ ಅನ್ನ ಅಲ್ಲಿಂದಲೇ ಬರುತ್ತದೆ. ಅದರ ಮಗ್ಗುಲಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾ ತರಬೇತಿ ಸಂಸ್ಥೆಯಿದೆ. 2019ರ ಮೇ ತಿಂಗಳಲ್ಲಿ ನೀರಜ್ ಅವರ ಎಸೆಯುವ ಕೈಯ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಕೈತಪ್ಪಿತು. ಚೇತರಿಕೆಯ ದಿನಗಳನ್ನು ಅವರು ಕಳೆದದ್ದು ತೋರಣಗಲ್ಲಿನ ಆ ಸಂಸ್ಥೆಯಲ್ಲಿ. ಅಲ್ಲಿ ಪ್ರೇಕ್ಷಕರಿರಲಿಲ್ಲ, ಚಪ್ಪಾಳೆಯಿರಲಿಲ್ಲ. ಶಸ್ತ್ರಚಿಕಿತ್ಸೆಯಾದ ತೋಳು ಮತ್ತೆ ಭಾರ ಹೊರಲು ಕಲಿಯಬೇಕಾದರೆ ಇಂದು ಇಷ್ಟು, ನಾಳೆ ಅದಕ್ಕಿಂತ ಎಳ್ಳಷ್ಟು ಹೆಚ್ಚು ಎಂಬ ಲೆಕ್ಕದಲ್ಲೇ ಸಾಗಬೇಕು. ಅವಸರಪಟ್ಟರೆ ಮತ್ತೆ ಪೆಟ್ಟು. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅವರು 87.86 ಮೀಟರ್ ಎಸೆದು ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ಚಿನ್ನ ಬಂತು. ಅಂದಿನ ಎಸೆತವನ್ನು ದೇಶವೆಲ್ಲ ನೋಡಿತು. ತೋರಣಗಲ್ಲಿನ ತಿಂಗಳುಗಳನ್ನು ಯಾರು ನೋಡಿದರು?

ಅಂದಹಾಗೆ, 2025ರ ಸೆಪ್ಟೆಂಬರ್‌ನಲ್ಲಿ ಅದೇ ಟೋಕಿಯೋ ಕ್ರೀಡಾಂಗಣದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೀರಜ್ ಎಂಟನೆಯವರಾದರು, ನದೀಮ್ ಹತ್ತನೆಯವರು. ಒಮ್ಮೆ ಗೆದ್ದವನಿಗೂ ಶಾಶ್ವತ ರಿಯಾಯಿತಿಯಿಲ್ಲ.

ಯಾರೂ ನೋಡದ ಹೊತ್ತಿನ ಈ ಶ್ರಮವನ್ನು ನಮ್ಮ ನೆಲ ಹಿಂದೆಯೂ ಕಂಡಿದೆ. ಇಲ್ಲಿಂದ ಕೂಗಳತೆಯಲ್ಲಿರುವ ಹಂಪಿಗೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ವೈಭವವನ್ನು ದೀರ್ಘವಾಗಿ ವರ್ಣಿಸಿದ್ದಾನೆ. ಆದರೆ ಅವನ ಬರಹದಲ್ಲಿ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಕೃಷ್ಣದೇವರಾಯನ ಮುಂಜಾವಿನ ದಿನಚರಿ. ಬೆಳಕು ಹರಿಯುವ ಮೊದಲೇ ರಾಜನು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹರಿಯುವ ತನಕ ಕತ್ತಿ ಬೀಸಿ, ಆಮೇಲೆ ತನ್ನ ಜಟ್ಟಿಯೊಬ್ಬನೊಂದಿಗೆ ಕುಸ್ತಿ ಮಾಡಿ, ಅನಂತರ ಕುದುರೆಯೇರುತ್ತಿದ್ದನಂತೆ. ಸಿಂಹಾಸನ ಸಿಕ್ಕ ಮೇಲೂ ಅವನು ಬೆಳಗಿನ ಅಭ್ಯಾಸವನ್ನು ಬಿಡಲಿಲ್ಲ. ಫಜರ್ ನಮಾಝಿಗೆ ಎದ್ದು ಮತ್ತೆ ಮಲಗಿಬಿಡುವ ನಮ್ಮ ಯುವಕರಿಗೆ ಆ ಒಂದು ಗಂಟೆಯ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಇನ್ನು ನಮ್ಮ ರಾಜ್ಯದ ಒಬ್ಬ ಆಟಗಾರನ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆನಿಸುತ್ತದೆ. ಸೈಯದ್ ಕಿರ್ಮಾನಿ. ಇಂದಿನ ಮಕ್ಕಳಿಗೆ ಆ ಹೆಸರು ಅಷ್ಟು ಪರಿಚಿತವಲ್ಲ. 1971ರಲ್ಲಿಯೂ 1974ರಲ್ಲಿಯೂ ಅವರು ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋದರು. ವಿಕೆಟ್ ಹಿಂದೆ ಫರೂಖ್ ಎಂಜಿನಿಯರ್ ಇದ್ದುದರಿಂದ ಟೆಸ್ಟ್ ಆಡುವ ಅವಕಾಶ ಸಿಗಲಿಲ್ಲ. 1976ರ ಜನವರಿಯಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮೊದಲ ಟೆಸ್ಟ್ ಆಡುವ ಹೊತ್ತಿಗೆ ಅವರಿಗೆ ಇಪ್ಪತ್ತಾರು ವಯಸ್ಸು. ಐದು ವರ್ಷ ಕಾದವನು ಸಿದ್ಧನಾಗಿಯೇ ಕಾದಿದ್ದನೆಂಬುದು ಮುಂದಿನ ಪಂದ್ಯದಲ್ಲಿಯೇ ಗೊತ್ತಾಯಿತು. ಕ್ರೈಸ್ಟ್‌ಚರ್ಚ್ ಟೆಸ್ಟಿನ ಒಂದೇ ಇನಿಂಗ್ಸ್‌ನಲ್ಲಿ ಆರು ಮಂದಿ ಅವರ ಕೈಗವಸಿಗೆ ಬಲಿಯಾದರು. ಅಂದಿನ ವಿಶ್ವ ದಾಖಲೆಗೆ ಅದು ಸಮವಾಗಿತ್ತು. 1979ರಲ್ಲಿ ವಿಶ್ವಕಪ್ ತಂಡದಿಂದ ಅವರನ್ನು ಕೈಬಿಡಲಾಯಿತು. ಅವರು ಮರಳಿ ಬಂದರು. 88 ಟೆಸ್ಟ್ ಆಡಿದರು.

1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತು. ಕಪಿಲ್ ದೇವ್ ಅಜೇಯ 175 ಹೊಡೆದು ತಂಡವನ್ನು ಎತ್ತಿದರೆಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ 140ಕ್ಕೆ ಎಂಟು ವಿಕೆಟ್ ಬಿದ್ದಾಗ ಮೈದಾನಕ್ಕೆ ಬಂದು, ಕೊನೆಯ ಎಸೆತದ ತನಕ ಔಟಾಗದೆ ನಿಂತವರು ಕಿರ್ಮಾನಿ. ಅವರ ರನ್ ಕೇವಲ 24. ಒಂಬತ್ತನೆಯ ವಿಕೆಟ್ಟಿಗೆ ಇಬ್ಬರೂ ಸೇರಿಸಿದ್ದು ಮುರಿಯದ 126. ಆ ದಾಖಲೆ 27 ವರ್ಷ ಉಳಿಯಿತು. ಆ ದಿನ ಕಿರ್ಮಾನಿಯವರೂ ಔಟಾಗಿದ್ದರೆ ಕಪಿಲರ 175 ಎಲ್ಲಿಯದು? ಅದಾಗಿ ಒಂದು ವಾರಕ್ಕೆ ಲಾರ್ಡ್ಸ್‌ನಲ್ಲಿ ಎತ್ತಿಹಿಡಿದ ಕಪ್ ಎಲ್ಲಿಯದು?

ನಮ್ಮ ಪ್ರತಿಯೊಂದು ಕುಟುಂಬದಲ್ಲಿಯೂ ಇಂತಹ ಒಬ್ಬರು ಇದ್ದಾರೆ. ತಮ್ಮನು ಎಂಜಿನಿಯರ್ ಆಗಲೆಂದು ಹತ್ತನೆಯ ತರಗತಿಗೇ ಓದು ಬಿಟ್ಟು ಹಣ್ಣಿನ ಗಾಡಿ ತಳ್ಳಿದ ಅಣ್ಣ, ಹೊಲಿಗೆ ಯಂತ್ರದ ಮುಂದೆ ಬೆನ್ನು ಬಾಗಿಸಿದ ಅಕ್ಕ, ಗಂಡ ಸೌದಿಯಲ್ಲಿದ್ದಾಗ ಮನೆಯ ಲೆಕ್ಕ, ಮಕ್ಕಳ ಓದು, ಅತ್ತೆ ಮಾವಂದಿರ ಔಷಧ ಎಲ್ಲವನ್ನೂ ಒಬ್ಬಳೇ ನೋಡಿಕೊಂಡ ತಾಯಿ. ಸನ್ಮಾನದ ಶಾಲು ಎಂಜಿನಿಯರನ ಹೆಗಲಿಗೆ ಬೀಳುತ್ತದೆ. ಇನ್ನೊಂದು ತುದಿಯಲ್ಲಿ ನಿಂತವರ ಹೆಸರನ್ನು ವೇದಿಕೆಯ ಮೇಲೆ ಯಾರೂ ಓದುವುದಿಲ್ಲ. ಸ್ಕೋರ್‌ಕಾರ್ಡಿನಲ್ಲಾದರೂ 24 ಎಂದು ಬರೆದಿರುತ್ತಾರೆ. ನಮ್ಮ ಮನೆಗಳಲ್ಲಿ ಅಷ್ಟೂ ಇಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, ತೆಲಂಗಾಣದ ನಿಜಾಮಾಬಾದ್ ಕೂಡ ನಮ್ಮ ಹೊಸಪೇಟೆಯಂತಹ ಒಂದು ಪಟ್ಟಣವೇ. ಅಲ್ಲಿಯ ನಿಖತ್ ಝರೀನ್ 2011ರಲ್ಲಿ ಕಿರಿಯರ ವಿಶ್ವ ಬಾಕ್ಸಿಂಗ್ ಪ್ರಶಸ್ತಿ ಗೆದ್ದರು. 2017ರಲ್ಲಿ ಭುಜಕ್ಕೆ ಗಾಯವಾಗಿ ರಿಂಗಿನಿಂದ ದೂರ ಉಳಿಯಬೇಕಾಯಿತು. 2019ರ ಡಿಸೆಂಬರ್‌ನಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಗಳಿಗೆ ನಡೆದ ಆಯ್ಕೆಯಲ್ಲಿ ಮೇರಿ ಕೋಮ್ ಎದುರು ಸೋತರು. 2022ರಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್, 2023ರಲ್ಲಿ ದೆಹಲಿಯಲ್ಲಿ ಮತ್ತೊಮ್ಮೆ. 2024ರ ಪ್ಯಾರಿಸ್‌ನಲ್ಲಿ ಪದಕವಿಲ್ಲದೆ ಮರಳಿದರು. ನಾಲ್ವರು ಹೆಣ್ಣುಮಕ್ಕಳ ತಂದೆಯಾದ ಜಮೀಲ್ ಅಹ್ಮದ್ ನೆಂಟರಿಷ್ಟರ ಟೀಕೆಗೆ ಕಿವಿಗೊಡದೆ ಮಗಳ ಬೆನ್ನಿಗೆ ನಿಂತರು. ನಮ್ಮ ಮಗಳು ಬಾಕ್ಸಿಂಗ್ ಆಡಬೇಕೆಂದು ಇಲ್ಲಿ ಯಾರೂ ಒತ್ತಾಯಿಸುತ್ತಿಲ್ಲ. ಆದರೆ ಮಗನಿಗೆ ಎರಡನೆಯ ಅವಕಾಶ ಕೊಡುವ ಮನೆ ಮಗಳಿಗೆ ಮೊದಲ ಸೋಲಿನಲ್ಲಿಯೇ ಪುಸ್ತಕ ಮುಚ್ಚಿಸುವುದು ಯಾವ ನ್ಯಾಯ? ಪ್ರವಾದಿ(ಸ)ರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದುದು, ಮೊದಲ ಸಲ ಆಯಿಶಾ ಗೆದ್ದುದು, ಕೆಲವು ಕಾಲದ ನಂತರ ಮತ್ತೆ ಓಡಿ ಪ್ರವಾದಿ ಗೆದ್ದು, ಅಂದಿನದಕ್ಕೆ ಇದು ಸರಿಹೋಯಿತೆಂದು ನಗೆಯಾಡಿದುದು ಹದೀಸ್ ಗ್ರಂಥಗಳಲ್ಲಿದೆ. ಆ ಮನೆಯಲ್ಲಿ ಸೋಲಿನಿಂದ ಯಾರ ಮಾನವೂ ಹೋಗಲಿಲ್ಲ.

ಎದುರಾಳಿಯ ಬಗ್ಗೆಯೂ ಒಂದು ಮಾತು. 2021ರಲ್ಲಿ ಟೋಕಿಯೋ ಫೈನಲ್ಲಿನ ವೇಳೆ ನದೀಮ್ ತನ್ನ ಜಾವೆಲಿನ್ ತೆಗೆದುಕೊಂಡಿದ್ದರೆಂದು ನೀರಜ್ ಒಂದು ಸಂದರ್ಶನದಲ್ಲಿ ಸಹಜವಾಗಿ ಹೇಳಿದ್ದೇ ತಡ, ದ್ವೇಷದ ವ್ಯಾಪಾರಿಗಳು ಅದನ್ನು ಹಿಡಿದುಕೊಂಡು ಸಾಮಾಜಿಕ ಜಾಲತಾಣಗಳಲ್ಲಿ ಕುಣಿದಾಡಿದರು. ನೀರಜ್ ಸುಮ್ಮನಿರಬಹುದಾಗಿತ್ತು. ಸುಮ್ಮನಿರಲಿಲ್ಲ, ನಿಮ್ಮ ಕೊಳಕು ಉದ್ದೇಶಗಳಿಗೆ ನನ್ನನ್ನು ಬಳಸಿಕೊಳ್ಳಬೇಡಿ ಎಂದು ಬಹಿರಂಗವಾಗಿಯೇ ಹೇಳಿದರು. ಪ್ಯಾರಿಸ್‌ನಲ್ಲಿ ಮಗ ಎರಡನೆಯವನಾದಾಗ ಅವರ ತಾಯಿ ಸರೋಜ್ ದೇವಿ, ಚಿನ್ನ ಗೆದ್ದವನೂ ನಮ್ಮ ಹುಡುಗನೇ ಎಂಬರ್ಥದ ಮಾತನ್ನಾಡಿದರು. ನೆರೆಮನೆಯ ಮಗುವಿಗೆ ಹೆಚ್ಚು ಅಂಕ ಬಂದಾಗ ನಮ್ಮ ಅಡುಗೆಮನೆಗಳಲ್ಲಿ ನಡೆಯುವ ಮಾತುಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಆದರೆ ಆಟವನ್ನು ಆಡುವುದು ಒಂದು, ನೋಡುವುದು ಇನ್ನೊಂದು. ರಾತ್ರಿ ಹನ್ನೊಂದರವರೆಗೆ ಮೊಬೈಲಿನಲ್ಲಿ ಪಂದ್ಯ ನೋಡಿದವನು ಆಟಗಾರನಾಗುವುದಿಲ್ಲ. ಅದಕ್ಕೆ ಹಣ ಕಟ್ಟುವವನಂತೂ ಮನೆಯನ್ನೇ ಕಳೆಯುತ್ತಾನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿತು. ಕಾನೂನು ಬಂದ ಮಾತ್ರಕ್ಕೆ ಚಟ ಹೋಗುವುದಿಲ್ಲ ಎಂಬುದನ್ನು ತಾಯಂದಿರು ಬಲ್ಲರು. ಇತ್ತ ಶಾಲೆಗಳಲ್ಲಿ ಆಟದ ಅವಧಿಯನ್ನು ಗಣಿತಕ್ಕೆ ಕೊಡುವುದು ರೂಢಿಯಾಗಿಬಿಟ್ಟಿದೆ. ಹೊಸ ಬಡಾವಣೆಗಳ ನಕ್ಷೆಯಲ್ಲಿ ಕಾಣುವ ಮೈದಾನ ನೆಲದ ಮೇಲೆ ಎಲ್ಲಿದೆಯೆಂದು ಮತ ಕೇಳಲು ಬಂದವರನ್ನು ನಾವು ಕೇಳಬೇಕು. ಚರಂಡಿ, ಬೀದಿದೀಪಗಳ ಪಟ್ಟಿಯಲ್ಲಿ ಅದೂ ಸೇರಲಿ.

ಅವಸರದ ಹಣದ ರುಚಿಯನ್ನು ಈ ಸೀಮೆ ಒಮ್ಮೆ ಉಂಡಿದೆ. ಸಂಡೂರಿನ ಅದಿರಿಗೆ ಚಿನ್ನದ ಬೆಲೆ ಬಂದ ವರ್ಷಗಳಲ್ಲಿ ಶಾಲೆ ಬಿಟ್ಟು ಲಾರಿಯ ಕ್ಲೀನರ್ ಆಗಿ ಹೋದ ಹುಡುಗರನ್ನು ಹಿರಿಯರು ಮರೆತಿರಲಾರರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ಸಾಲುಸಾಲಾಗಿ ನಿಂತವು. ಹುಡುಗರ ಕೈಯಲ್ಲಿ ಲೈಸೆನ್ಸೂ ಇರಲಿಲ್ಲ, ಅಂಕಪಟ್ಟಿಯೂ ಇರಲಿಲ್ಲ.

ಈಗ ಕೊನೆಯದಾಗಿ ಕೆಲಸದ ಮಾತು. 2024ರಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುವ ಪದ್ಧತಿ ಬಂತು. ಬರೆದವುಗಳಲ್ಲಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳಬಹುದು. ಜಾವೆಲಿನ್ ನಿಯಮವೇ ಶಾಲೆಗೆ ಬಂದಂತಾಯಿತು. ಆದರೆ ಸಮಯ ಬಹಳ ಕಡಿಮೆ. 2024ರಲ್ಲಿ ಪಿಯುಸಿಯ ಮೊದಲ ಪರೀಕ್ಷೆಯ ಫಲಿತಾಂಶ ಏಪ್ರಿಲ್ 10ಕ್ಕೆ ಬಂತು, ಎರಡನೆಯ ಪರೀಕ್ಷೆ ಏಪ್ರಿಲ್ 29ಕ್ಕೆ ಆರಂಭವಾಯಿತು. ಹತ್ತೊಂಬತ್ತು ದಿನಗಳು. ತಂದೆ ಒಂದು ವಾರ ಮಾತು ಬಿಟ್ಟರೆ ಉಳಿಯುವುದು ಹನ್ನೆರಡು. ಅಷ್ಟರಲ್ಲಿಯೇ ಕಾಲೇಜಿಗೆ ಹೋಗಿ ಅರ್ಜಿ ತುಂಬಬೇಕು, ಶುಲ್ಕ ಕಟ್ಟಬೇಕು. ಉತ್ತರ ಪತ್ರಿಕೆಯ ಪ್ರತಿಯನ್ನು ತರಿಸಿಕೊಂಡು, ಅಂಕ ಎಲ್ಲಿ ಹೋಯಿತೆಂದು ಮಗುವಿನ ಜೊತೆ ಕುಳಿತು ನೋಡಬೇಕು. ತರಬೇತುದಾರನು ಸೋತ ಆಟಗಾರನಿಗೆ ಅವನ ಆಟದ ವಿಡಿಯೋ ತೋರಿಸುವುದು ಬೈಯಲಿಕ್ಕಲ್ಲ, ಕಾಲು ಎಲ್ಲಿ ಜಾರಿತೆಂದು ತಿಳಿಯಲಿಕ್ಕೆ.

ಇದಕ್ಕೆ ಪಾಠ ಹೇಳಬಲ್ಲ ಇಬ್ಬರು ಪದವೀಧರರು ಸಾಕು, ಸಂಜೆ ಎರಡು ಗಂಟೆ ದೀಪವಿರುವ ಒಂದು ಕೊಠಡಿ ಸಾಕು. ಮಸೀದಿಯ ಕಮಿಟಿಯವರು ಇಲ್ಲಿದ್ದಾರೆ. ಅಲ್ಲಿಗೆ ಬರುವ ಮಕ್ಕಳು ಅನುತ್ತೀರ್ಣರೆಂದು ಯಾರಿಗೂ ಗೊತ್ತಾಗದಂತೆ, ಎಲ್ಲರಿಗೂ ತೆರೆದ ಓದುವ ಕೋಣೆಯಾಗಿಯೇ ಅದು ನಡೆಯಲಿ. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು ನಿಗದಿಯಾಗಲಿ. ಮುಂದಿನ ಫಲಿತಾಂಶ ಬಂದ ಮೇಲೆ ಸಭೆ ಕರೆದರೆ ದಿನಗಳು ಸಭೆಯಲ್ಲಿಯೇ ಹೋಗುತ್ತವೆ. ಕೊಠಡಿ ಯಾವುದು, ಬೀಗದ ಕೈ ಯಾರ ಬಳಿ ಇರಬೇಕು, ಗಣಿತ ಯಾರು ಹೇಳಿಕೊಡುತ್ತಾರೆ ಎಂಬ ಮೂರನ್ನು ಇಂದು ಇಲ್ಲಿಂದ ಏಳುವುದಕ್ಕೆ ಮೊದಲೇ ತೀರ್ಮಾನಿಸಬೇಕೆಂದು ಕಮಿಟಿಯವರಲ್ಲಿ ಕೋರುತ್ತೇವೆ.