ಪದ ಯಾರದು, ಕ್ಯಾಸೆಟ್ಟು ಯಾರದು?



ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಮಳೆಗಾಲವೆಂದರೆ ತಾಳಮದ್ದಳೆ. ಮಳೆ ಹಿಂದಾದ ಮೇಲೆ ಆಟ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಮಾತಾಡುತ್ತಾರೆ. ಆದರೆ ಆ ಪದ ಬರೆದವರು ಯಾರೆಂದು ನೀವು ಕೇಳಿದ್ದುಂಟೆ? ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರಂತೆ ನಮ್ಮ ಕಾಲದಲ್ಲೇ ಅನೇಕ ಪ್ರಸಂಗಗಳನ್ನು ಬರೆದವರಿದ್ದಾರೆ.

ಕ್ಯಾಸೆಟ್ಟಿನ ಕಾಲದ ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಕವಿಯೊಬ್ಬರು ಒಂದೇ ಕಂತಿನ ಹಣಕ್ಕೆ ತಮ್ಮ ಪ್ರಸಂಗವನ್ನು ಕ್ಯಾಸೆಟ್ ವ್ಯಾಪಾರಿಗೆ ಕೊಟ್ಟರು. ನೀವು ಗೆಳೆಯನಿಗಾಗಿ ಒಂದು ನಕಲು ಮಾಡಿದಿರಿ. ಅದು ತಪ್ಪೇ, ಆದರೆ ನಷ್ಟ ವ್ಯಾಪಾರಿಗೆ. ಕವಿಗೆ ಬರುವ ಹಣ ಮೊದಲೇ ಮುಗಿದಿದೆ. ಅವರ ಪದ ಇನ್ನೊಂದು ಮನೆ ತಲುಪಿತು, ಅಷ್ಟೆ. ಇನ್ನು ಹೊದಿಕೆಯ ಮೇಲೆ ಕವಿಯ ಹೆಸರೇ ಬಿಟ್ಟುಹೋಯಿತೆನ್ನಿ. ವ್ಯಾಪಾರಿಗೆ ಒಂದು ಪೈಸೆಯೂ ನಷ್ಟವಿಲ್ಲ. ಕವಿಗೆ ಎಲ್ಲವೂ ನಷ್ಟ. ಇಬ್ಬರೂ 'ಹಕ್ಕುಸ್ವಾಮ್ಯ' ಎನ್ನುತ್ತಾರೆ, ಆದರೆ ಇಬ್ಬರ ಚಿಂತೆ ಬೇರೆ ಬೇರೆ.

1957ರ ಕೃತಿಸ್ವಾಮ್ಯ ಕಾಯಿದೆ ಈ ಭೇದವನ್ನು ಬಲ್ಲದು. ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳುವ, ಗೌರವಕ್ಕೆ ಕುಂದು ಬರುವಂತೆ ಅದನ್ನು ತಿರುಚಿದರೆ ತಡೆಯುವ ಅಧಿಕಾರ ಲೇಖಕನಿಗಿದೆ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು. ಅವಧಿ ಕಾಣಿಸದಿದ್ದರೆ ಐದೇ ವರ್ಷವೆಂದು ಲೆಕ್ಕ. 2012ರ ತಿದ್ದುಪಡಿಯ ನಂತರ, ಹಕ್ಕು ಬರೆದುಕೊಟ್ಟರೂ ಧ್ವನಿಮುದ್ರಣದ ಬಳಕೆಯಿಂದ ಬರುವ ಗೌರವಧನದಲ್ಲಿ ಸಮಪಾಲು ಕೇಳಲು ಕವಿಗೆ ಅವಕಾಶವಿದೆ.

ಇಲ್ಲಿ ಮೂರನೆಯವರೂ ಇದ್ದಾರೆ: ಕಲಿಯುವವರು, ನೋಡುವವರು. ಶಿವರಾಮ ಕಾರಂತರು 1997ರಲ್ಲಿ ತೀರಿಕೊಂಡ ಮೇಲೆ, ಅವರು ಹೊಸದಾಗಿ ರೂಪಿಸಿದ್ದ ಯಕ್ಷಗಾನ ಪ್ರಯೋಗಗಳ ಹಕ್ಕಿನ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಉಯಿಲಿನ ಮೂಲಕ ಹಕ್ಕು ಪಡೆದವರ ಪರವಾಗಿದ್ದ ತೀರ್ಪನ್ನು 2009ರಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ಕಾಯಿದೆ ಕೊಟ್ಟಿರುವ ವಿನಾಯಿತಿಗಳು ಎದುರು ಪಕ್ಷಕ್ಕೂ ಉಂಟೆಂದು ಸ್ಪಷ್ಟಪಡಿಸಿತು. ಶಾಲೆಯ ಮಕ್ಕಳು, ಅಧ್ಯಾಪಕರು ತಮ್ಮವರ ಮುಂದೆ ಆಡುವುದು, ಹವ್ಯಾಸಿ ಸಂಘ ಹಣ ಪಡೆಯದೆ ಪ್ರದರ್ಶಿಸುವುದು ಅಂಥ ವಿನಾಯಿತಿಗಳು.

ಆದ್ದರಿಂದ ನಿಮ್ಮ ಕಾಲೇಜಿನಲ್ಲಿ ತಾಳಮದ್ದಳೆ ಏರ್ಪಡಿಸಿದಾಗ ಧೈರ್ಯವಾಗಿ ಆಡಿ. ಫಲಕದಲ್ಲಿ ಪ್ರಸಂಗಕರ್ತರ ಹೆಸರನ್ನು ಮರೆಯದೆ ಬರೆಯಿರಿ. ಮುಂದೆ ನೀವೇ ಬರೆದು ಯಾರಿಗಾದರೂ ಕೊಡುವಾಗ, ಸಹಿ ಹಾಕುವ ಮೊದಲು ಕಾಗದವನ್ನು ಪೂರ್ತಿ ಓದಿ.