ಅಪ್ಪನ ಮೂರನೇ ದಿಂಬು

ಇವತ್ತು ರಾಜಕೀಯ ಬೇಡ. ದಿಂಬಿನ ಬಗ್ಗೆ ಮಾತಾಡ್ತೀನಿ. ನಗಬೇಡಿ.

ನಮ್ಮಪ್ಪ ಒಂದೇ ದಿಂಬಿನಲ್ಲಿ ಮಲಗ್ತಿದ್ದವರು. ಅದು ಎರಡಾಯ್ತು, ಆಮೇಲೆ ಮೂರಾಯ್ತು. ಪಾದ ಊದಿ ಚಪ್ಪಲಿ ಹಿಡಿಸ್ತಿರಲಿಲ್ಲ. ಕೇಳಿದ್ರೆ, "ವಯಸ್ಸಾಯ್ತಲ್ಲಪ್ಪಾ" ಅಂದ್ರು. ನಾನೂ ಸುಮ್ಮನಾದೆ. ದಿನಾ ಮಂತ್ರಿಗಳನ್ನ ಪ್ರಶ್ನೆ ಮಾಡೋ ನಾನು ಅಪ್ಪನಿಗೆ ಎರಡನೇ ಪ್ರಶ್ನೆ ಕೇಳಲೇ ಇಲ್ಲ.

ಒಂದು ರಾತ್ರಿ ಎರಡೂವರೆಗೆ ಅಮ್ಮ ಕೂಗಿದ್ರು. ಅಪ್ಪ ಮಂಚದ ಅಂಚಲ್ಲಿ ಕೂತು ಉಸಿರಿಗೆ ಒದ್ದಾಡ್ತಿದ್ದಾರೆ. ಮೈಯೆಲ್ಲ ತಣ್ಣನೆ ಬೆವರು, ಎದೇಲಿ ಗೊರಗೊರ ಸದ್ದು. "ಗ್ಯಾಸ್ ಇರಬೇಕು, ಮಲಗಿಸಿ" ಅಂದ್ರು ಪಕ್ಕದ ಮನೆಯವರು. ಮಲಗಿಸಿದ್ವಿ. ಅಪ್ಪ ನನ್ನ ಕೈ ತಳ್ಳಿ ಎದ್ದು ಕೂತರು. ಅವರ ದೇಹಕ್ಕೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ!

ಇದಕ್ಕೆ ಹಾರ್ಟ್ ಫೇಲ್ಯೂರ್ ಅಂತಾರೆ. ಹಾಗಂದ್ರೆ ಹೃದಯ ನಿಂತುಹೋಯ್ತು ಅಂತಲ್ಲ. ಪಂಪ್ ಸೋತಿದೆ ಅಂತ. ಮುಂದಕ್ಕೆ ಹೋಗಬೇಕಾದ ರಕ್ತ ಹಿಂದೆ ಕಟ್ಟಿಕೊಂಡು ಶ್ವಾಸಕೋಶದಲ್ಲಿ ನೀರು ಜಿನುಗುತ್ತೆ. ಮಲಗಿದರೆ ಉಸಿರು ಇನ್ನೂ ಕಟ್ಟುತ್ತೆ. ಹಾರ್ಟ್ ಅಟ್ಯಾಕ್ ಬೇರೆ, ಅಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತೆ. ಆದರೆ ಅದರಿಂದಲೂ ಹೀಗಾಗಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ತಕ್ಷಣ ಇಸಿಜಿ ತೆಗೀತಾರೆ.

ಎಮರ್ಜೆನ್ಸಿಯ ಡಾಕ್ಟರಮ್ಮ ಹೇಳಿದ ಮೊದಲ ಮಾತು, "ನೆಟ್ಟಗೆ ಕೂರಿಸಿ." ಬೆರಳಿಗೆ ಕ್ಲಿಪ್ ಹಾಕಿದ್ರು. ಆಕ್ಸಿಜನ್ 82. ಮುಖಕ್ಕೆ ಮಾಸ್ಕ್ ಬಿಗಿದು ಒತ್ತಡದಿಂದ ಗಾಳಿ ಕೊಟ್ಟರು. ಬಿಪಿ 210 ಇತ್ತು. ರಕ್ತನಾಳ ಸಡಿಲಿಸಿ ಹೃದಯದ ಹೊರೆ ಇಳಿಸೋಕೆ ನೈಟ್ರೋಗ್ಲಿಸರಿನ್ ಡ್ರಿಪ್, ಮೈಯಲ್ಲಿ ತುಂಬಿದ ನೀರು ಮೂತ್ರದಲ್ಲಿ ಹೋಗೋಕೆ ಫ್ಯೂರೋಸೆಮೈಡ್ ಇಂಜೆಕ್ಷನ್. ಬಿಪಿ ಕುಸಿದಿದ್ದರೆ ಇದೇ ಡ್ರಿಪ್ ಅಪಾಯ. ಹಾಗಾಗಿ ಮನೇಲಿ ಯಾರದೋ ಮಾತ್ರೆ ನಾಲಿಗೆ ಕೆಳಗಿಡೋ ಸಾಹಸ ಬೇಡ.

ಬೆಳಗಾಗೋ ಹೊತ್ತಿಗೆ ಅಪ್ಪ ಪೂರ್ತಿ ವಾಕ್ಯ ಮಾತಾಡಿದ್ರು. ಆಗ ಡಾಕ್ಟರಮ್ಮ ಕೇಳಿದ್ರು, "ಮಾತ್ರೆ ಯಾವಾಗ ನಿಲ್ಲಿಸಿದ್ರಿ?" ಅಪ್ಪ ತಲೆ ತಗ್ಗಿಸಿದ್ರು. ಆರಾಮಾಗಿದೀನಲ್ಲ ಅಂತ ತಿಂಗಳಿಂದ ಬಿಪಿ ಮಾತ್ರೆ ಬಿಟ್ಟಿದ್ರು. ಜೊತೆಗೆ ದಿನಾ ಉಪ್ಪಿನಕಾಯಿ, ಹಪ್ಪಳ. ನಾನು ಯಾರ ಮೇಲೆ ರೇಗಲಿ? ಒಂದೇ ಮನೇಲಿದ್ದೂ ನೋಡದೇ ಹೋದವನು ನಾನೇ ಅಲ್ವಾ?

ಈಗ ಅಪ್ಪ ದಿನಾ ಬೆಳಿಗ್ಗೆ ತೂಕ ನೋಡ್ಕೋತಾರೆ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಡಾಕ್ಟರಿಗೆ ಫೋನ್ ಮಾಡಬೇಕು. ಉಸಿರು ಕಟ್ಟಿದರೆ ಕಾಯೋ ಹಾಗಿಲ್ಲ: ಕೂರಿಸಿ, 108ಕ್ಕೆ ಕರೆ ಮಾಡಿ.

ಇವತ್ತು ಟಿವಿ ಆರಿಸಿದ ಮೇಲೆ ಒಂದು ಕೆಲಸ ಮಾಡಿ. ಅಪ್ಪ ಅಮ್ಮನ ಕೋಣೆಗೆ ಹೋಗಿ, ಮಾತ್ರೆ ತಗೊಂಡ್ರಾ ಕೇಳಿ. ಹಾಗೇ, ಎಷ್ಟು ದಿಂಬಿದೆ ಎಣಿಸಿ.